ಆಗಸ್ಟ್ ಮೂವತ್ತೊಂದರವರೆಗೆ

ಸಂಯುಕ್ತಾ ಬರಬಾರದಾಗಿತ್ತು. ಸ್ಟಾಕ್‌ಪೋರ್ಟ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಕೂಡಲೇ ದೂರದ ಕಂಬದ ಬಳಿ ಅವಳ ಸಾಸಿವೆ ಬಣ್ಣದ ಕೋಟು ಕಣ್ಣಿಗೆ ಬಿದ್ದು, ಚಿತ್ರಾಕ್ಷಿ ಅಲ್ಲೇ ನಿಂತಳು. ಹಾಗೇ ತಿರುಗಿ ಇಳಿದುಹೋಗಿ ಮುಂದಿನ ಟ್ರೈನು ಹಿಡಿದರೆ ಹೇಗೆ ಎಂಬ ಯೋಚನೆಯೂ ಬಂತು. ಅಷ್ಟರಲ್ಲಿ ಅವಳೇ ನೋಡಿ, ಎರಡೂ ಕೈಯಲ್ಲಿ ಕಾಫಿಯ ಕಪ್ಪು ಇದ್ದದ್ದರಿಂದ ಕೈಬೀಸಲಾಗದೆ, ಗದ್ದ ಎತ್ತಿ ಕರೆದಳು.

"ರಜಾ ಹಾಕ್ಬಿಟ್ಟೆ ಚಿತ್ರಕ್ಕ. ಕೇಸಿನ ದಿನ ನಿಮ್ಮನ್ನ ಒಬ್ಬರನ್ನೇ ಕಳಿಸ್ತೀನಾ? ಅನ್ವಿತಾನ ಸ್ಕೂಲಿಗೆ ಅವಳ ಅಪ್ಪನೇ ಡ್ರಾಪ್ ಮಾಡ್ತಾರೆ, ಪಿಕಪ್ಪೂ ಅವರೇ. ನಾನು ಹಿಂದೆ ಸುಮ್ನೆ ಕೂತಿರ್ತೀನಿ, ನಿಮಗೆ ಒಂದು ಧೈರ್ಯ."

"ಎಂತಕ್ಕೆ ಮಾರಾಯ್ರೆ, ನಿಮಗೆ ಆಫೀಸು ಉಂಟಲ್ಲ."

"ಇರುತ್ತೆ ಬಿಡಿ. ಸಾಲ್ಫರ್ಡ್ ಬಿಟ್ಟು ಎಲ್ಲೂ ಓಡಿಹೋಗಲ್ಲ ಅದು."

ಟ್ರೈನಿನಲ್ಲಿ ಎದುರುಬದುರು ಸೀಟು ಸಿಕ್ಕಿತು. ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ ಏನೂ ದೂರವಲ್ಲ, ಹೇಳುವುದಾದರೆ ಈಗಲೇ ಹೇಳಬೇಕು. ಸಂಯುಕ್ತಾ, ಹೋದ ವರ್ಷ ನೀವು ಶಾಲೆಯ ಹೆಡ್ಡಿಗೆ ಒಂದು ಇಮೇಲ್ ಬರೆದಿರಲ್ಲ, ನನ್ನನ್ನು ಕೆಲಸದಿಂದ ತೆಗೆಯಬೇಡಿ ಅಂತ, ಅದನ್ನು ಇವತ್ತು ಶಾಲೆಯ ವಕೀಲರು ಓದುತ್ತಾರೆ, ಆಗ ನಾನು ಅದು ನಿಜವಲ್ಲ ಎನ್ನಬೇಕಾಗುತ್ತದೆ. ಇಷ್ಟೇ ಮಾತು. ಒಂದು ವಾರದಿಂದ ಬಾಯಲ್ಲಿ ಜೋಡಿಸಿಕೊಂಡಿದ್ದಳು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಗಂಡ ಚೆನ್ನಯ್ಯ ಪಕ್ಕದಲ್ಲಿ ಗೊರಕೆ ಹೊಡೆಯುವಾಗ. ಸಂಯುಕ್ತಾ ಕಿಟಕಿಯ ಹೊರಗೆ ನೋಡುತ್ತ, ಮಗಳು ಅನ್ವಿತಾ ನಿನ್ನೆ ಊಟದ ತಟ್ಟೆಯನ್ನು ತಾನೇ ಸಿಂಕಿಗೆ ಇಟ್ಟಳೆಂದು ಹೇಳುತ್ತಿದ್ದಳು. "ಎಲ್ಲಾ ನಿಮ್ಮ ಪುಣ್ಯ ಚಿತ್ರಕ್ಕ. ನಿಜ ಹೇಳ್ತೀನಿ, ನೀವಿದೀರ ಅಂತಾನೇ ನಾವು ಆ ಸ್ಕೂಲ್ ಬಿಟ್ಟು ಬೇರೆ ಕಡೆ ನೋಡ್ಲೇ ಇಲ್ಲ." ಕಾಫಿ ಬಿಸಿಯಾಗಿತ್ತು. ಚಿತ್ರಾಕ್ಷಿ ನಾಲಿಗೆ ಸುಟ್ಟುಕೊಂಡಳು, ಸುಟ್ಟದ್ದೇ ಒಳ್ಳೆಯದಾಯಿತು, ಮಾತಾಡದಿರಲು ಒಂದು ಕಾರಣ ಸಿಕ್ಕಿತು.

ಆರು ವರ್ಷದ ಹಿಂದೆ ಅನ್ವಿತಾ ಆ ಸರ್ಕಾರಿ ಶಾಲೆಗೆ ಸೇರಿದ ವಾರವೇ ಚಿತ್ರಾಕ್ಷಿಯೂ ಸೇರಿದ್ದು. ಆ ಮಗುವಿಗೆ ಮಾತು ಕಡಿಮೆ, ಸದ್ದು ಕಂಡರೆ ಆಗದು, ಯಾರಾದರೊಬ್ಬರು ಪಕ್ಕದಲ್ಲೇ ಕೂರಬೇಕು ಎಂದು ಊರಿನ ಆಡಳಿತದ ಕೌನ್ಸಿಲ್ಲು ಒಪ್ಪಿ ಅದಕ್ಕೆಂದು ಅನುದಾನ ಕೊಟ್ಟಿತ್ತು. ಮಗುವಿಗೆ ಅರ್ಥವಾಗುವ ಭಾಷೆ ಗೊತ್ತಿರುವ ಹೆಂಗಸೊಬ್ಬಳು ಸಿಕ್ಕಳೆಂದು ಹೆಡ್‌ಟೀಚರ್ ಮಿಸೆಸ್ ಆಶ್‌ವರ್ತ್ ಅವಳನ್ನು ವರ್ಷದ ಕರಾರಿನ ಮೇಲೆ ಟೀಚಿಂಗ್ ಅಸಿಸ್ಟೆಂಟ್ ಮಾಡಿಕೊಂಡಿದ್ದರು. ಸೆಪ್ಟೆಂಬರಿನಿಂದ ಆಗಸ್ಟ್ ಮೂವತ್ತೊಂದರವರೆಗೆ. ಮತ್ತೆ ಸೆಪ್ಟೆಂಬರಿನಿಂದ ಆಗಸ್ಟ್ ಮೂವತ್ತೊಂದರವರೆಗೆ. ಮೊದಲನೆಯ ವರ್ಷದ ಜುಲೈಯಲ್ಲಿ, ಶಾಲೆ ಬಿಟ್ಟುಹೋಗುವವರನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಡುವಾಗ ಅವಳನ್ನೂ ಕರೆದಿದ್ದರು, ಮುಂದಿನ ವರ್ಷದ ಮಾತು ಇನ್ನೂ ಖಚಿತವಿರಲಿಲ್ಲವಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಒಬ್ಬಿಬ್ಬರು ಅತ್ತರು. ಸೆಪ್ಟೆಂಬರಿನಲ್ಲಿ ಅವಳು ಅದೇ ಬಾಗಿಲಲ್ಲಿ ನಿಂತಾಗ ಸ್ಟಾಫ್‌ರೂಮಿನವರು, ಅರೆ, ನೀನು ಮತ್ತೆ ಬಂದೆಯಾ, ಎಷ್ಟು ಒಳ್ಳೆಯದಾಯಿತು ಎಂದರು. ಎರಡನೆಯ ವರ್ಷವೂ ಹೂವು ಕೊಟ್ಟರು. ಮೂರನೆಯ ವರ್ಷ ಬರೀ ಕಾರ್ಡು. ಆಮೇಲೆ ಯಾರಿಗೂ ಏನು ಮಾಡಬೇಕೆಂದು ತಿಳಿಯದೆ, ಆ ಹೊತ್ತಿಗೆ ಸರಿಯಾಗಿ ಅವಳನ್ನು ಯಾವುದೋ ಕ್ಲಾಸಿನ ಕುರ್ಚಿ ಜೋಡಿಸಲು ಕಳಿಸತೊಡಗಿದರು. ಒಂದೊಂದು ಸೆಪ್ಟೆಂಬರಿನಲ್ಲೂ ಆಫೀಸಿನ ಗಾಜಿನ ಕಿಂಡಿಯ ಮುಂದೆ ನಿಂತು, ಎದೆಗೆ 'ವಿಸಿಟರ್' ಎಂಬ ಚೀಟಿ ಅಂಟಿಸಿಕೊಂಡು, ಹೊಸ ಪಾಸ್‌ವರ್ಡಿಗೆ ಕಾಯಬೇಕಾಗಿತ್ತು. ಹಿಂದಿನ ವರ್ಷ ಮೂಗು ಒರೆಸಿಕೊಟ್ಟ ಮಗುವೊಂದು ಆ ಚೀಟಿ ಓದಿ, ಮಿಸ್, ನೀವು ಯಾರನ್ನು ನೋಡಲು ಬಂದಿದ್ದೀರಿ ಎಂದು ಕೇಳಿತ್ತು.

ಟ್ರೈನು ನಿಧಾನಿಸಿತು. ಸಂಯುಕ್ತಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ಚಿತ್ರಾಕ್ಷಿ ಕಪ್ಪು ಹಿಡಿದು ಅವಳ ಹಿಂದೆ ಇಳಿದಳು.

ನೌಕರಿಯ ತಕರಾರು ಕೇಳುವ ಟ್ರಿಬ್ಯೂನಲ್ಲಿನ ಕಾಯುವ ಕೋಣೆಯಲ್ಲಿ, ಅವಳ ಕೇಸು ನಡೆಸುತ್ತಿದ್ದ ಯೂನಿಯನ್ನಿನ ಬ್ರೆಂಡಾ ಆಗಲೇ ಬಂದು ಕೂತಿದ್ದಳು. ಅರವತ್ತು ದಾಟಿದ, ದಪ್ಪ ದನಿಯ, ಬೋಲ್ಟನ್ನಿನ ಹೆಂಗಸು. ಸಂಯುಕ್ತಾಳ ಹೆಸರು ಕೇಳಿದ್ದೇ ಅವಳ ಮುಖ ಬಿಗಿಯಿತು. ಚಿತ್ರಾಕ್ಷಿಯನ್ನು ನೀರಿನ ಯಂತ್ರದ ಬಳಿ ಕರೆದೊಯ್ದು, "ಆ ಇಮೇಲಿನವಳನ್ನೇ ಕರೆದುಕೊಂಡು ಬಂದಿದ್ದೀಯಾ? ಅವಳಿಗೆ ಗೊತ್ತಿದೆಯಾ?" ಎಂದು ಪಿಸುಗುಟ್ಟಿದಳು. ಚಿತ್ರಾಕ್ಷಿ ಕಾಗದದ ಲೋಟದಿಂದ ನೀರು ಕುಡಿದಳು. ಕೇಸಿನ ಮರ್ಮವನ್ನು ಬ್ರೆಂಡಾ ಅವಳಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದಳೋ. ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರನ್ನು ಹೀಗೆ ಗಡುವು ಹಾಕಿ ಹಾಕಿ ಮುಂದುವರಿಸಿದರೆ, ಅದಕ್ಕೆ ತಕ್ಕ ಕಾರಣವಿಲ್ಲದಿದ್ದರೆ, ಕಾನೂನಿನ ಕಣ್ಣಿಗೆ ಆ ನೌಕರಿ ತಾನಾಗಿ ಕಾಯಂ ಆಗುತ್ತದೆ. ಶಾಲೆ ಹೇಳುವ ಕಾರಣ ಒಂದೇ: ಇವಳ ಕೆಲಸ ಒಂದು ಮಗುವಿಗೆ ಕಟ್ಟಿದ್ದು, ಮಗು ಇರುವಷ್ಟು ದಿನ, ಅದರ ಅನುದಾನ ಬರುವಷ್ಟು ದಿನ. ಅದನ್ನು ಮುರಿಯಬೇಕಾದರೆ, ಇವಳು ಆ ಮಗುವಿನ ಕೆಲಸವನ್ನಷ್ಟೇ ಮಾಡಲಿಲ್ಲ, ಶಾಲೆಯ ಎಲ್ಲ ಕೆಲಸವನ್ನೂ ಮಾಡಿದಳು ಎಂದು ತೋರಿಸಬೇಕು. ತೋರಿಸುವುದು ಕಷ್ಟವೇನಲ್ಲ, ಅದು ನಿಜವೇ. ಊಟದ ಹಾಲ್, ಚಿಕ್ಕ ಮಕ್ಕಳ ಅಕ್ಷರದ ಗುಂಪು, ರಜೆ ಹಾಕಿದ ಟೀಚರುಗಳ ಕ್ಲಾಸು. ಮಧ್ಯಾಹ್ನವಾದರೆ ಯಾರಾದರೂ ಬಾಗಿಲಲ್ಲಿ ತಲೆ ಹಾಕಿ, ಚಿತ್ರಾ, ಒಂದು ನಿಮಿಷ ಬರುತ್ತೀಯಾ ಎನ್ನುತ್ತಿದ್ದರು. ಆ ಒಂದು ನಿಮಿಷ ಶಾಲೆ ಬಿಡುವವರೆಗೂ ಮುಗಿಯುತ್ತಿರಲಿಲ್ಲ. ಹಾಗಾದರೆ ಮಧ್ಯಾಹ್ನ ಆ ಮಗುವಿನ ಪಕ್ಕದಲ್ಲಿ ಯಾರಿದ್ದರು? ಈ ಪ್ರಶ್ನೆಯನ್ನು ಬ್ರೆಂಡಾ ಕೇಳಿರಲಿಲ್ಲ. ಅವಳಿಗೆ ಅದರ ಅಗತ್ಯವಿರಲಿಲ್ಲ. "ನೀನು ನಿನ್ನ ಕೆಲಸದ ಬಗ್ಗೆ ಮಾತಾಡು, ಅಷ್ಟು ಸಾಕು," ಎಂದಿದ್ದಳು.

ಬಾಗಿಲು ತೆರೆದು ಮಿಸೆಸ್ ಆಶ್‌ವರ್ತ್ ಒಳಬಂದರು. ಚಿತ್ರಾಕ್ಷಿ ತನಗರಿವಿಲ್ಲದೆ ಎದ್ದು ನಿಂತಳು. ನಿಂತ ಮೇಲೆ, ನಾನು ಈ ಹೆಂಗಸಿನ ಮೇಲೆ ದಾವೆ ಹಾಕಿದ್ದೇನೆ ಎಂಬುದು ನೆನಪಾಗಿ, ಕೂರಲೂ ಆಗದೆ, ಗೋಡೆಯ ಮೇಲಿದ್ದ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನೆಯನ್ನು ಓದುವಂತೆ ನಟಿಸಿದಳು. "ಗುಡ್ ಮಾರ್ನಿಂಗ್ ಚಿತ್ರಾ," ಎಂದರು ಅವರು. ಆ ದನಿಯಲ್ಲಿ ಕೋಪವಿರಲಿಲ್ಲ. ಮಗುವೊಂದು ಕೇಳದೆ ಬಣ್ಣದ ಡಬ್ಬಿ ತೆಗೆದಾಗ ಅವರ ದನಿಯಲ್ಲಿರುತ್ತಿದ್ದ ನೋವು ಇತ್ತು. ನಾಳೆ ಬೆಳಿಗ್ಗೆ ಮತ್ತೆ ಅದೇ ಕಾರಿಡಾರಿನಲ್ಲಿ ಇವರಿಗೆ ಎದುರಾಗಬೇಕು.

ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಅವಳು ಸಾಕ್ಷಿಯ ಮೇಜಿಗೆ ಕೂತಳು. ಕೋಣೆ ಅವಳು ನೆನೆಸಿಕೊಂಡಷ್ಟು ದೊಡ್ಡದಿರಲಿಲ್ಲ. ಪೇರೆಂಟ್ಸ್ ಮೀಟಿಂಗ್ ನಡೆಸುವ ಕೋಣೆಯಂತಿತ್ತು. ನ್ಯಾಯಾಧೀಶೆ ಕುತ್ತಿಗೆಗೆ ಸರದಲ್ಲಿ ಕನ್ನಡಕ ತೂಗುಹಾಕಿಕೊಂಡಿದ್ದ, ದಣಿದ ಕಣ್ಣಿನ ಹೆಂಗಸು. ಹಿಂದಿನ ಸಾಲಿನಲ್ಲಿ ಸಂಯುಕ್ತಾ ಕೂತಿದ್ದಳು. ಅವಳು ಮುಗುಳ್ನಗುತ್ತಿದ್ದಾಳೆಂಬುದು ನೋಡದೆಯೇ ಚಿತ್ರಾಕ್ಷಿಗೆ ಗೊತ್ತಿತ್ತು. ಶಾಲೆಯ ಪರವಾಗಿ ಎದ್ದ ವಕೀಲ ಇನ್ನೂ ಹುಡುಗನಂತಿದ್ದ, ತುಂಬ ಸಭ್ಯ. ಅವಳ ಮನೆತನದ ಹೆಸರು ಸುವರ್ಣವನ್ನು ಸರಿಯಾಗಿ ಹೇಳಲು ಎರಡು ಸಲ ಪ್ರಯತ್ನಪಟ್ಟು ಕ್ಷಮೆ ಕೇಳಿದ. ಅವನು ಒರಟನಾಗಿದ್ದರೆ ಸುಲಭವಾಗುತ್ತಿತ್ತು.

"ಮಿಸೆಸ್ ಸುವರ್ಣ, ಮಗುವಿನ ತಾಯಿ ಹೋದ ಬೇಸಿಗೆಯಲ್ಲಿ ಹೆಡ್‌ಟೀಚರಿಗೆ ಬರೆದದ್ದನ್ನು ಓದುತ್ತೇನೆ. 'ನನ್ನ ಮಗಳು ಶಾಲೆಯಲ್ಲಿರುವ ಪ್ರತಿ ಗಳಿಗೆಯೂ ಚಿತ್ರಾಕ್ಷಿ ಅವಳ ಪಕ್ಕದಲ್ಲಿರುತ್ತಾರೆ. ಆ ನೆಮ್ಮದಿಯಿಂದಲೇ ನಾನು ಕೆಲಸಕ್ಕೆ ಹೋಗಬಲ್ಲೆ. ದಯವಿಟ್ಟು ಅವರನ್ನು ಕಳಿಸಬೇಡಿ.' ಆಕೆ ನಿಮ್ಮ ಗೆಳತಿಯಲ್ಲವೇ? ಅವರು ಸುಳ್ಳು ಹೇಳಿರಲಾರರು."

"ಇಲ್ಲ. ಅವರು ಸುಳ್ಳು ಹೇಳುವವರಲ್ಲ."

"ಅಂದರೆ ಇದು ನಿಜ. ನಿಮ್ಮ ಕೆಲಸ ಆ ಮಗು, ಬರೀ ಆ ಮಗು."

ಅವಳ ಕಣ್ಣು ಮೇಜಿನ ಮೇಲಿದ್ದ ನೀರಿನ ಲೋಟದ ಮೇಲಿತ್ತು. ಯಾರೋ ಹಿಂದೆ ಕುಡಿದವರ ಬೆರಳಿನ ಗುರುತು ಅದರ ಮೇಲೆ ಉಳಿದಿತ್ತು. ಹೌದು ಎಂದರೆ ಕೇಸು ಮುಗಿಯಿತು, ಹಿಂದೆ ಕೂತವಳ ನಗು ಹಾಗೇ ಉಳಿಯುತ್ತದೆ, ಸಂಜೆ ಅವರ ಮನೆಗೆ ಹೋಗಿ ಚಹಾ ಕುಡಿಯಬಹುದು, ಬರುವ ಯುಗಾದಿಗೆ ಮ್ಯಾಂಚೆಸ್ಟರಿನ ಕನ್ನಡದವರೆಲ್ಲ ಸೇರಿದಾಗ ಒಟ್ಟಿಗೆ ಹೋಳಿಗೆ ಬಡಿಸಬಹುದು. "ಇಲ್ಲ," ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿತು. "ಬೆಳಿಗ್ಗೆ ಮಾತ್ರ ಅವಳ ಜೊತೆ. ಮಧ್ಯಾಹ್ನ ಹೆಚ್ಚಾಗಿ ನನ್ನನ್ನು ಬೇರೆ ಕಡೆ ಕಳಿಸುತ್ತಿದ್ದರು."

ನ್ಯಾಯಾಧೀಶೆ ಟೈಪು ಮಾಡುವುದನ್ನು ನಿಲ್ಲಿಸಿದರು. "ಆಗ ಮಗುವಿನ ಜೊತೆ ಯಾರಿರುತ್ತಿದ್ದರು?"

"ಕ್ಲಾಸಿನ ಟೀಚರು. ಮೂವತ್ತು ಮಕ್ಕಳ ನಡುವೆ. ಬೇರೆ ಯಾರೂ ಇಲ್ಲ."

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದು. ಚಿತ್ರಾಕ್ಷಿ ತಿರುಗಲಿಲ್ಲ. ವಕೀಲ ವಿನಯದಿಂದಲೇ ಮುಂದುವರಿಸಿದ. ಹೆಚ್ಚಾಗಿ ಎಂದಿರಿ. ಹೆಚ್ಚಾಗಿ ಎನ್ನುವುದು ಸುಲಭ. ಇಂಥ ಒಂದು ದಿನ, ಇಂಥ ಕೆಲಸಕ್ಕೆ ಹೋದೆ ಎಂದು ಹೇಳಬಲ್ಲಿರಾ? ಹೇಳಬಲ್ಲಳು. ಕ್ರಿಸ್‌ಮಸ್ ನಾಟಕದ ವಾರ ಪೂರ್ತಿ ಕುರಿಗಳ ಕಿವಿ ಹೊಲಿದದ್ದು, ಶಾಲೆಯ ಓಟದ ದಿನ ಗೆರೆ ಎಳೆದದ್ದು, ಯಾರಿಗೂ ನೋವಾಗದ ನೂರು ದಿನಗಳಿದ್ದವು. ಆದರೆ ಮನಸ್ಸು ಅವುಗಳ ಹತ್ತಿರ ಹೋಗಲೊಲ್ಲದೆ ಕೋಟುಗಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಿತು. ಅನ್ವಿತಾಳ ಎರಡನೆಯ ತರಗತಿ. ಮಧ್ಯಾಹ್ನ ಚಿತ್ರಾಕ್ಷಿಯನ್ನು ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಕರೆದಿದ್ದರು. ಬೆಂಕಿಯ ಅಲಾರಂ ಪರೀಕ್ಷೆ ಮಾಡುವವರು ಬಂದು ಗಂಟೆ ಬಾರಿಸಿದ್ದು ಅವಳಿಗೂ ಕೇಳಿತ್ತು. ಆ ಮಗು ಹೆದರಿರುತ್ತದೆ ಎಂದು ಅನ್ನಿಸಿಯೂ ಇತ್ತು. ಅನ್ನಿಸಿದ್ದರೂ ಅವಳು ಏಳಲಿಲ್ಲ, ಕೈಯಲ್ಲಿದ್ದ ಅಕ್ಷರದ ಚೀಟಿಯನ್ನು ಎತ್ತಿ ಹಿಡಿದು 'ಶ' ಎಂದು ಮಕ್ಕಳಿಂದ ಹೇಳಿಸಿದಳು, ಎದ್ದು ಹೋದರೆ ಏನೆಂದುಕೊಳ್ಳುತ್ತಾರೋ ಎಂದು. ಶಾಲೆ ಬಿಡುವ ಹೊತ್ತಿಗೆ ಕ್ಲಾಸಿನಲ್ಲಿ ಅನ್ವಿತಾ ಇರಲಿಲ್ಲ. ಹುಡುಕುತ್ತ ಹೋದವಳಿಗೆ ಮೊದಲು ಮೂಗಿಗೆ ಬಡಿದದ್ದು ಉಚ್ಚೆಯ ವಾಸನೆ. ಒದ್ದೆ ಕೋಟುಗಳ ಹಿಂದೆ, ಗೋಡೆಗೆ ಮುಖ ಒತ್ತಿ, ಮಣಿಕಟ್ಟನ್ನು ಕಚ್ಚಿಕೊಂಡು ಕೂತಿತ್ತು ಮಗು. ಅಳುತ್ತಿರಲಿಲ್ಲ. ಕಚ್ಚಿದ ಹಲ್ಲನ್ನು ಬಿಡಿಸಬೇಕಾಯಿತು.

ಇದನ್ನೆಲ್ಲ ತಾನು ಮನಸ್ಸಿನಲ್ಲೇ ನೆನೆಯುತ್ತಿದ್ದೇನೆಂದು ಅವಳು ತಿಳಿದಿದ್ದಳು. ಆದರೆ ಬಾಯಿಬಿಟ್ಟು ಹೇಳುತ್ತಿದ್ದಳು. ನ್ಯಾಯಾಧೀಶೆಯ ಬೆರಳುಗಳು ಓಡುತ್ತಿದ್ದವು. ಮಿಸೆಸ್ ಆಶ್‌ವರ್ತ್ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡುತ್ತಿದ್ದರು. ಬ್ರೆಂಡಾಳ ಬಾಯಿ ಅರ್ಧ ತೆರೆದಿತ್ತು.

"ಇದನ್ನು ತಾಯಿಗೆ ತಿಳಿಸಿದಿರಾ?" ಎಂದ ವಕೀಲ.

"ಇಲ್ಲ. ಆಟದಲ್ಲಿ ಬಿದ್ದಳು ಎಂದೆ."

"ಅಂದರೆ ನಿಮ್ಮ ಗೆಳತಿಗೆ ಸುಳ್ಳು ಹೇಳಿದಿರಿ. ಅಂದು ಸುಳ್ಳು ಹೇಳಿದವರನ್ನು ನಾವು ಇಂದು ಏಕೆ ನಂಬಬೇಕು?"

"ಅದು ಜೂನ್ ತಿಂಗಳು," ಎಂದಳು ಚಿತ್ರಾಕ್ಷಿ.

ಯಾರಿಗೂ ಅರ್ಥವಾಗಲಿಲ್ಲ. ನ್ಯಾಯಾಧೀಶೆ ಕನ್ನಡಕ ತೆಗೆದು, ಜೂನ್ ಎಂದರೇನು ಎಂದು ಕೇಳಿದರು. "ಮುಂದಿನ ವರ್ಷಕ್ಕೆ ನನ್ನನ್ನು ಇಟ್ಟುಕೊಳ್ಳುವುದೋ ಬೇಡವೋ ಎಂದು ಜೂನ್‌ನಲ್ಲೇ ನೋಡುವುದು. ತಾಯಿಯನ್ನು ಸುಮ್ಮನೆ ಗಾಬರಿಪಡಿಸುವುದು ಬೇಡ ಎಂದು ಹೆಡ್ ಹೇಳಿದರು. ನಾನು ಆಯಿತು ಎಂದೆ. ಬೇರೆ ತಿಂಗಳಾಗಿದ್ದರೆ—" ಇಲ್ಲಿ ಅವಳು ತಡೆದಳು. ಬೇರೆ ತಿಂಗಳಾಗಿದ್ದರೆ ಹೇಳುತ್ತಿದ್ದೆ ಎನ್ನಲು ಹೊರಟಿದ್ದಳು, ಪ್ರಮಾಣ ಮಾಡಿದ್ದು ನೆನಪಾಯಿತು. "ಬೇರೆ ತಿಂಗಳಾಗಿದ್ದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ," ಎಂದಳು.

ವಿರಾಮ ಕೊಟ್ಟಾಗ ಹಿಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಮಧ್ಯಾಹ್ನದ್ದು ಅವಳಿಗೆ ನೀರಿನೊಳಗಿನಿಂದ ಕೇಳಿದಂತೆ ಕೇಳಿತು. ಬ್ರೆಂಡಾ ಮಿಸೆಸ್ ಆಶ್‌ವರ್ತ್ ಅವರನ್ನು ಬಿಡದೆ ಕೇಳಿದಳು. ಊಟದ ಹಾಲಿನಲ್ಲಿ ಯಾರು ನಿಲ್ಲುತ್ತಿದ್ದರು, ಅಕ್ಷರದ ಗುಂಪು ಯಾರದ್ದು, ಮಗು ಶಾಲೆ ಬಿಟ್ಟರೆ ಈ ಕೆಲಸಗಳೂ ಬಿಟ್ಟುಹೋಗುತ್ತವೆಯೇ? ಸಿಬ್ಬಂದಿಯನ್ನು ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳುತ್ತೇವೆ ಎಂದರು ಅವರು, ನಮಗೆ ಬೇರೆ ದಾರಿ ಇರಲಿಲ್ಲ, ಎಷ್ಟೊಂದು ಮಕ್ಕಳು, ನೋಡಿಕೊಳ್ಳಲು ಇಷ್ಟೇ ಇಷ್ಟು ಜನ. ಹೇಳುತ್ತ ಹೇಳುತ್ತ ಅವರ ಕುತ್ತಿಗೆ ಕೆಂಪಾಯಿತು. ಚಿತ್ರಾಕ್ಷಿಗೆ ಅವರ ಮೇಲೆ ಕನಿಕರ ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಆ ಹೊತ್ತಿನಲ್ಲಿ ಅವಳಿಗೆ ಕಾಡಿದ್ದು ಬೇರೆಯೇ ಒಂದು ದಿನ. ಅನ್ವಿತಾ ಮೊದಲ ಸಲ ಪೂರ್ತಿ ಒಂದು ವಾಕ್ಯ ಹೇಳಿದ ದಿನ. ಕಿಟಕಿಯ ಮೇಲಿನ ಹಕ್ಕಿಯನ್ನು ತೋರಿಸಿ, ಅದು ಹೋಯಿತು, ಮತ್ತೆ ಬರುತ್ತದೆ ಎಂದಿತ್ತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು, ಚಿತ್ರಾಕ್ಷಿಯೂ ತಟ್ಟಿದಳು. ತಟ್ಟುವ ಕೈಗಳ ಕೆಳಗೆಲ್ಲೋ, ಇವಳು ಹೀಗೇ ಸುಧಾರಿಸುತ್ತ ಹೋದರೆ ನನ್ನ ಗತಿ ಏನು ಎಂಬ ತಣ್ಣನೆಯ ಮಾತು ಹಾದುಹೋಗಿತ್ತು. ಅದನ್ನು ಇಲ್ಲಿ ಯಾರೂ ಕೇಳಲಿಲ್ಲ. ಅದನ್ನು ಕೇಳುವ ಕಾನೂನಿರಲಿಲ್ಲ.

ಸಂಜೆಯ ಹೊತ್ತಿಗೆ ನ್ಯಾಯಾಧೀಶೆ ತೀರ್ಪು ಓದಿದರು. ಶಾಲೆ ಕೊಟ್ಟ ಕಾರಣ ನಿಲ್ಲುವುದಿಲ್ಲ. ನಾಲ್ಕು ವರ್ಷ ತುಂಬಿದ ಮೇಲೆ ಮಾಡಿದ ಮೊದಲ ನವೀಕರಣದಿಂದಲೇ ಮಿಸೆಸ್ ಸುವರ್ಣ ಕಾಯಂ ನೌಕರಳು. ಚಿತ್ರಾಕ್ಷಿ ಲೆಕ್ಕ ಹಾಕಿ ನೋಡಿದಳು. ಅಂದರೆ ಈ ಎರಡು ವರ್ಷ ಅವಳು ಕಾಯಂ ಆಗಿಯೇ ಇದ್ದಳು, ಯಾರಿಗೂ, ಅವಳಿಗೂ, ತಿಳಿದಿರಲಿಲ್ಲ ಅಷ್ಟೆ. ಬ್ರೆಂಡಾ ಅವಳನ್ನು ಬಿಗಿಯಾಗಿ ಅಪ್ಪಿಕೊಂಡು, "ಆ ಮಗುವಿನ ಕತೆ ನನಗೂ ಹೇಳಿರಲಿಲ್ಲ ನೀನು," ಎಂದಳು. ಹೊಗಳಿದಳೋ ದೂರಿದಳೋ ತಿಳಿಯಲಿಲ್ಲ. ಚೆನ್ನಯ್ಯನಿಗೆ ಫೋನ್ ಮಾಡಿದಾಗ ಅವನು ಮೂರು ಸಲ "ಹೌದಾ? ಹೌದಾ?" ಎಂದು ಕೇಳಿ, ಕೇಸು ಬೇಡ ಬೇಡ ಎಂದಿದ್ದವನು ತಾನೇ ಎಂಬುದನ್ನು ಮರೆತು, "ನಾನು ಹೇಳ್ಲಿಲ್ವಾ?" ಎಂದ.

ಪಿಕಡಿಲಿಯಲ್ಲಿ ಸ್ಟಾಕ್‌ಪೋರ್ಟಿನ ಟ್ರೈನು ನಿಲ್ಲುವ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಂಯುಕ್ತಾ ಕೂತಿದ್ದಳು. ಕೂದಲು ಒದ್ದೆಯಾಗಿತ್ತು, ಊರೆಲ್ಲ ನಡೆದಿರಬೇಕು. ಈ ಸಲ ತಿರುಗಿ ಹೋಗುವ ಯೋಚನೆ ಬರಲಿಲ್ಲ. ಚಿತ್ರಾಕ್ಷಿ ಹೋಗಿ ಎದುರಿಗೆ ನಿಂತಳು.

"ಗೆದ್ರಾ?"

"ಹ್ಞೂಂ."

"ಒಳ್ಳೇದಾಯ್ತು." ಸಂಯುಕ್ತಾ ತನ್ನ ಮಣಿಕಟ್ಟನ್ನೇ ನೋಡುತ್ತ ಮಾತಾಡಿದಳು. "ಅವಳ ಕೈ ಮೇಲೆ ಹಲ್ಲಿನ ಗುರುತಿತ್ತು. ಯಾವುದೋ ಮಗು ಕಚ್ಚಿದೆ ಅಂದ್ಕೊಂಡೆ ನಾನು. ನೀವು ಬಿದ್ಲು ಅಂದ್ರಿ, ಸರಿ ಅಂತ ನಂಬಿದೆ. ಅದಾದ್ಮೇಲೆ ಅವಳು ರಾತ್ರಿ ಮಲಗ್ಲೇ ಇಲ್ಲ. ಜಿಪಿ ಡಾಕ್ಟರ್ ಹತ್ರ ಓಡಾಡಿದೆ, ಅಲ್ಲಿಂದ ಸ್ಪೆಷಲಿಸ್ಟ್ ಹತ್ರ. ಏನಾದ್ರೂ ಆಯ್ತಾ ಸ್ಕೂಲಲ್ಲಿ ಅಂತ ಕೇಳಿದ್ರು. ಏನೂ ಆಗಿಲ್ಲ, ಅಲ್ಲಿ ನಮ್ಮವರೇ ಒಬ್ಬರು ಇದಾರೆ ಅಂದೆ. ಮಲಗೋಕೆ ಔಷಧಿ ಬರ್ಕೊಟ್ರು. ಇವತ್ತಿಗೂ ಕೊಡ್ತಿದೀನಿ."

ಚಿತ್ರಾಕ್ಷಿಗೆ ಇದು ಗೊತ್ತಿರಲಿಲ್ಲ. ಔಷಧಿಯ ವಿಷಯ ಗೊತ್ತಿತ್ತು, ಅದು ಯಾವಾಗ ಶುರುವಾಯಿತೆಂದು ಅವಳು ಕೇಳಿರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದಳು. ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲವೋ ಎಲ್ಲರೂ ಸಾರಿ ಎನ್ನುತ್ತಾರೆ, ಬಾಗಿಲಲ್ಲಿ ಎದುರಾದರೆ ಸಾರಿ, ಪೆನ್ಸಿಲು ಬಿದ್ದರೆ ಸಾರಿ. ಬಾಯಿ ಮುಚ್ಚಿಕೊಂಡಳು.

"ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡ್ತೀನಿ ನಾನು," ಎಂದಳು ಸಂಯುಕ್ತಾ. "ಮಧ್ಯಾಹ್ನ ಮಧ್ಯಾಹ್ನ ಅವಳಿಗೆ ಸಿಗ್ಬೇಕಾಗಿದ್ದ ಸಹಾಯ ಎಲ್ಲಿ ಹೋಯ್ತು ಅಂತ ಕೇಳ್ತೀನಿ. ಇವತ್ತು ನಿಮಗೋಸ್ಕರ ಹೇಳಿದ್ರಿ. ನನ್ನ ಮಗಳಿಗೋಸ್ಕರ ಹೇಳ್ತೀರಾ? ಈಗ ನಿಮ್ಮನ್ನ ಯಾರೂ ತೆಗೆಯೋಕಾಗಲ್ಲ ಅಲ್ವಾ?"

'ನೋಡುವ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆರು ವರ್ಷ ಎಲ್ಲದಕ್ಕೂ ಬಂದ ಮಾತು ಅದು. ಅದರ ಹಿಂದೆಯೇ ಆ ಹಳೆಯ ಹೆದರಿಕೆಯೂ ಬಂದು ನಿಂತಿತು. ನಾಳೆ ಕಾರಿಡಾರಿನಲ್ಲಿ ಮಿಸೆಸ್ ಆಶ್‌ವರ್ತ್, ಸ್ಟಾಫ್‌ರೂಮಿನಲ್ಲಿ ತಟ್ಟನೆ ನಿಲ್ಲುವ ಮಾತು, ಯಾರೂ ಬಂದು ಕೂರದ ಪಕ್ಕದ ಕುರ್ಚಿ. ಇನ್ನು ಯಾವ ಆಗಸ್ಟೂ ಇಲ್ಲ, ಯಾವ ಜೂನೂ ಇಲ್ಲ, ಆದರೂ ಹೆದರಿಕೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಅದು ಆ ಕರಾರಿನದ್ದೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಅದು ತನ್ನದೇ ಇದ್ದಿರಬಹುದು ಎಂಬುದು ಮೊದಲ ಸಲ ಹೊಳೆಯಿತು.

"ಹೇಳ್ತೇನೆ," ಎಂದಳು.

ಅದೇ ಹೊತ್ತಿಗೆ ಮೇಲಿನ ಸ್ಪೀಕರು ಟ್ರೈನಿನ ಹೆಸರು ಹೇಳತೊಡಗಿ ಮಾತು ಮುಳುಗಿತು. ಸಂಯುಕ್ತಾ ಮುಂದಕ್ಕೆ ಬಾಗಿ, "ಏನಂದ್ರಿ?" ಎಂದಳು. ಕೇಳಿಸಿರಲಿಲ್ಲ. ಇನ್ನೂ ಬದಲಾಯಿಸಬಹುದಿತ್ತು. 'ನೋಡುವ' ಎಂದಿದ್ದೆ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಟ್ರೈನು ಬಂದು ನಿಂತು, ಬಾಗಿಲುಗಳು ತೆರೆದು, ಜನ ಇಳಿದು ಇಬ್ಬರ ನಡುವೆ ಹಾದುಹೋದರು.

"ಹೇಳ್ತೇನೆ ಅಂದೆ," ಎಂದಳು ಚಿತ್ರಾಕ್ಷಿ. ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಇಳಿಯುತ್ತಿದ್ದವರೊಬ್ಬರು ತಿರುಗಿ ನೋಡಿದರು.

ಸಂಯುಕ್ತಾ ತಲೆಯಾಡಿಸಿದಳು, ನಗಲಿಲ್ಲ. ಒಳಗೆ ಹೋಗಿ ಕಿಟಕಿಯ ಪಕ್ಕ ಕೂತು, ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಚಿತ್ರಾಕ್ಷಿ ಹತ್ತಿರ ಬಂದು ನಿಂತಾಗಲೂ ಅದನ್ನು ತೆಗೆಯಲಿಲ್ಲ. ಬಾಗಿಲು ಮುಚ್ಚಿ ಟ್ರೈನು ಜಗ್ಗಿ ಹೊರಟಿತು. ಕಂಬಿ ಹಿಡಿದು ನಿಂತವಳನ್ನು ಸಂಯುಕ್ತಾ ತಲೆಯೆತ್ತಿ ನೋಡಿದಳು. ಚಿತ್ರಕ್ಕ ಎನ್ನಲಿಲ್ಲ.

"ಅವತ್ತಿಂದು ಹೇಳಿ," ಎಂದಳು. "ಅಲ್ಲಿ ಇಂಗ್ಲಿಷಲ್ಲಿ ಹೇಳಿದ್ದು ನಂಗೆ ಸರಿಯಾಗಿ ಕೇಳೋಕಾಗಲಿಲ್ಲ. ನಮ್ಮ ಭಾಷೇಲಿ ಹೇಳಿ. ಮೊದಲಿಂದ."

ಚಿತ್ರಾಕ್ಷಿ ನಿಂತುಕೊಂಡೇ ಮೊದಲಿನಿಂದ ಹೇಳಲು ಶುರುಮಾಡಿದಳು.